ಎರಡನೇ ಗೇರ್‌ನಲ್ಲೇ ನಿಂತ ಹಳೆಯ ಮರ್ಸಿಡಿಸ್: ಬಾಕ್ಸ್ ಇಳಿಸುವ ಮುನ್ನ

1996ರಲ್ಲಿ ಬಂದ ಮರ್ಸಿಡಿಸ್ 722.6, ಐದು ಗೇರ್‌ಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಗಟ್ಟಿ ಮಾಲು. ಡಬ್ಲ್ಯು210 ಇ-ಕ್ಲಾಸ್, ಡಬ್ಲ್ಯು203 ಸಿ-ಕ್ಲಾಸ್ ಇಟ್ಟುಕೊಂಡವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಗಾಡಿ ಎರಡನೇ ಗೇರ್ ದಾಟುತ್ತಿಲ್ಲ, ದೋಷ ಓದುವ ಸ್ಕ್ಯಾನರ್‌ನಲ್ಲಿ ಪಿ2767 ಅಥವಾ ಪಿ0715 ಕೋಡ್ ಬಂದಿದೆ ಎಂದರೆ ‘ಗೇರ್‌ಬಾಕ್ಸ್ ಹೋಯಿತು, ಇಳಿಸಬೇಕು’ ಎನ್ನುವವರೇ ಜಾಸ್ತಿ. ದಯವಿಟ್ಟು ಆತುರ ಬೇಡ. ಒಳಗಿನ ಸ್ಪೀಡ್ ಸೆನ್ಸರ್‌ನ ಸಿಗ್ನಲ್ ಕಂಟ್ರೋಲ್ ಯೂನಿಟ್‌ಗೆ (ಗೇರ್‌ಬಾಕ್ಸ್ ನಡೆಸುವ ಕಂಪ್ಯೂಟರ್) ಸರಿಯಾಗಿ ತಲುಪುತ್ತಿಲ್ಲ ಎಂಬುದಷ್ಟೇ ಆ ಕೋಡಿನ ಅರ್ಥ. ಕ್ಲಚ್ ಪ್ಲೇಟ್ ಸವೆದಿರುವುದಕ್ಕೆ ಅದು ಸಾಕ್ಷಿಯಲ್ಲ.

ಮೊದಲು ಬ್ಯಾಟರಿ ವೋಲ್ಟೇಜ್ ನೋಡಿ, ಕೋಡ್ ಬರೆದಿಟ್ಟುಕೊಂಡು ಅಳಿಸಿ, ಲೈವ್ ಡೇಟಾ ತೆರೆದು ಓಡಿಸಿ. ಎನ್2, ಎನ್3 ಎಂದು ಎರಡು ಸಂಖ್ಯೆಗಳು ಕಾಣುತ್ತವೆ; ಒಳಗಿನ ಎರಡು ಸ್ಪೀಡ್ ಸೆನ್ಸರ್‌ಗಳು ಅಳೆದ ವೇಗ ಇವು. 2, 3, 4ನೇ ಗೇರ್‌ಗಳಲ್ಲಿ ಮುಂದಿನ ಪ್ಲಾನೆಟರಿ ಸೆಟ್ (ನಡುವಿನ ಸನ್ ಗೇರ್, ಅದರ ಸುತ್ತ ತಿರುಗುವ ಚಿಕ್ಕ ಗೇರ್‌ಗಳ ಗುಂಪು) ಒಟ್ಟಾಗಿ ತಿರುಗುವುದರಿಂದ ಇವೆರಡೂ ಸಮನಾಗಿರಬೇಕು. 1 ಮತ್ತು 5ರಲ್ಲಿ ಸನ್ ಗೇರ್ ಹಿಡಿದು ನಿಲ್ಲುತ್ತದೆ, ಆಗ ಅದರ ವೇಗ ಹೇಳುವ ಎನ್2 ಸೊನ್ನೆ ತೋರಿಸುವುದೇ ಸರಿ. ಇದು ಗೊತ್ತಿಲ್ಲದೆ ಮೊದಲ ಗೇರ್‌ನ ಸೊನ್ನೆ ನೋಡಿ ಸೆನ್ಸರ್ ಸತ್ತಿದೆ ಎನ್ನುವುದುಂಟು. ಎರಡನೇ ಗೇರ್‌ನಲ್ಲಿ ಒಂದು ಸಂಖ್ಯೆ ಜಿಗಿದಾಡಿದರೆ ಅಥವಾ ಬಿದ್ದುಹೋದರೆ ದೋಷ ವಿದ್ಯುತ್ತಿನದು. ಎರಡೂ ಒಟ್ಟಿಗೆ ಮಾಯವಾದರೆ ನನ್ನ ಅನುಮಾನ ಮೊದಲು ಪ್ಲಗ್ ಮತ್ತು ವೈರಿನ ಮೇಲೆ.

ಕಂಟ್ರೋಲ್ ಯೂನಿಟ್‌ನ ಪ್ಲಗ್ ಬಿಚ್ಚಿ ಪಿನ್‌ಗಳನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಎಣ್ಣೆ ಹತ್ತಿತೇ? ಅದು ಗೇರ್‌ಬಾಕ್ಸ್‌ನ ಆಯಿಲ್. ಬಾಕ್ಸ್‌ನ ಪಕ್ಕದಲ್ಲಿರುವ 13 ಪಿನ್‌ಗಳ ಪ್ಲಾಸ್ಟಿಕ್ ಅಡಾಪ್ಟರ್‌ನ ಎರಡು ಓ-ರಿಂಗ್‌ಗಳು (ರಬ್ಬರ್ ಬಳೆಗಳು) ವರ್ಷಗಟ್ಟಲೆ ಬಿಸಿಗೆ ಕಾದು ಗಡುಸಾಗುತ್ತವೆ. ಸೋರಿದ ಆಯಿಲ್ ದೀಪದ ಬತ್ತಿಯಲ್ಲಿ ಏರುವಂತೆ ವೈರಿನ ಎಳೆಗಳೊಳಗೆ ಏರಿ ಯೂನಿಟ್‌ವರೆಗೂ ಬರುತ್ತದೆ. ಅಡಾಪ್ಟರ್ ಅಗ್ಗದ ಭಾಗ. ಪ್ಲಗ್‌ನ ಲಾಕ್ ರಿಂಗ್ ತಿರುಗಿಸಿ ಎಳೆದು, ಒಳಗಿನ 7 ಮಿ.ಮೀ. ಬೋಲ್ಟ್ ಬಿಚ್ಚಿದರೆ ಹೊರಬರುತ್ತದೆ. ಪಿನ್‌ಗಳನ್ನು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದು ಹೊಸದನ್ನು ಹಾಕಿ.

ಇಷ್ಟಾದ ಮೇಲೂ ಕೋಡ್ ಮರಳಿದರೆ ಕಂಡಕ್ಟರ್ ಪ್ಲೇಟ್ (ಬಾಕ್ಸ್ ಒಳಗಿನ ವಿದ್ಯುತ್ ಸಂಪರ್ಕಗಳ ಹಲಗೆ) ಬದಲಿಸಬೇಕು. ಎರಡೂ ಸ್ಪೀಡ್ ಸೆನ್ಸರ್‌ಗಳು (ಆಯಸ್ಕಾಂತ ಕ್ಷೇತ್ರ ಗುರುತಿಸುವ ಹಾಲ್ ಮಾದರಿಯವು) ಅದರಲ್ಲೇ ಕೂತಿವೆ. ಅವನ್ನು ಓಮ್ ಮೀಟರಿನಿಂದ ಅಳೆದು ತೀರ್ಮಾನಿಸಲಾಗದು. ಬಾಕ್ಸ್ ಇಳಿಸಬೇಕಿಲ್ಲ: ಆಯಿಲ್ ಪ್ಯಾನ್ ತೆಗೆದು, ಅಡಾಪ್ಟರ್ ಹೊರಗೆಳೆದು, ಆಯಿಲ್ ಹರಿವನ್ನು ಹಂಚುವ ವಾಲ್ವ್ ಬಾಡಿಯ ಟಿ30 (ಟಾರ್ಕ್ಸ್) ಬೋಲ್ಟ್‌ಗಳನ್ನು ಬಿಚ್ಚಿದರೆ ಪ್ಲೇಟ್ ಕೈಗೆ ಬರುತ್ತದೆ. ಅದೇ ಹೊತ್ತಿಗೆ ಆರೂ ಸೊಲೆನಾಯ್ಡ್ (ವಿದ್ಯುತ್ತಿನಿಂದ ಆಡುವ ವಾಲ್ವ್) ಅಳೆಯಿರಿ: ಮೂರು ಶಿಫ್ಟ್ ಸೊಲೆನಾಯ್ಡ್‌ಗಳು ಸುಮಾರು 4 ಓಮ್, ಎರಡು ಪ್ರೆಷರ್ ಸೊಲೆನಾಯ್ಡ್‌ಗಳು 5, ಎಂಜಿನ್ನನ್ನೂ ಬಾಕ್ಸನ್ನೂ ನೇರವಾಗಿ ಜೋಡಿಸುವ ಲಾಕ್‌ಅಪ್‌ನದು 2.5. ಬೋಲ್ಟ್‌ಗಳಿಗೆ 8 ನ್ಯೂಟನ್ ಮೀಟರ್ ಸಾಕು, ಅಲ್ಯೂಮಿನಿಯಂನ ಸ್ಕ್ರೂ ಥ್ರೆಡ್ ಹೆಚ್ಚಿನದನ್ನು ತಾಳದು. ವಾಲ್ವ್ ಬಾಡಿ ಮರಳಿ ಕೂರಿಸುವಾಗ ಗೇರ್ ಸ್ಥಾನ ಆರಿಸುವ ಸೆಲೆಕ್ಟರ್ ವಾಲ್ವ್ ಬಾಕ್ಸ್ ಒಳಗಿನ ಲಿವರ್‌ಗೆ ಸಿಕ್ಕಿದೆಯೇ ಎಂದು ಕಣ್ಣಾರೆ ನೋಡಿ. ಇದು ತಪ್ಪಿದರೆ ಪ್ಯಾನ್ ಮತ್ತೆ ಬಿಚ್ಚಬೇಕಾಗುತ್ತದೆ.

ಫಿಲ್ಟರ್, ಗ್ಯಾಸ್ಕೆಟ್ ಹೊಸದಿರಲಿ. ಆಯಿಲ್ ಎಂಬಿ 236.14 ದರ್ಜೆಯದೇ ಆಗಬೇಕು. 4 ಲೀಟರ್ ಹಾಕಿ ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ ಎಲ್ಲ ಸ್ಥಾನಗಳಿಗೂ ಲಿವರ್ ಆಡಿಸಿ, ಸ್ವಲ್ಪಸ್ವಲ್ಪವೇ ಸೇರಿಸುತ್ತಾ ಹೋಗಿ. ಮಟ್ಟ ಅಳೆಯುವುದು 80 ಡಿಗ್ರಿಯಲ್ಲಿ, ಗ್ಯಾರೇಜಿನ ಉದ್ದ ಡಿಪ್‌ಸ್ಟಿಕ್‌ನಿಂದ, ‘ಪಿ’ (ಪಾರ್ಕಿಂಗ್) ಸ್ಥಾನದಲ್ಲಿ ಎಂಜಿನ್ ಓಡುತ್ತಿರುವಾಗ. ಆದರೆ ತಾಪಮಾನ ಓದುವುದು ‘ಡಿ’ ಅಥವಾ ‘ಆರ್’ನಲ್ಲಿ. ತಾಪದ ಸೆನ್ಸರ್ ಗೇರ್‌ನಲ್ಲಿದ್ದಾಗ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಸ್ಟಾರ್ಟರ್ ಲಾಕ್ ಕಾಂಟ್ಯಾಕ್ಟ್‌ನ ಜೊತೆ ಸರಣಿಯಲ್ಲಿರುವುದರಿಂದ ‘ಪಿ’, ‘ಎನ್’ (ನ್ಯೂಟ್ರಲ್) ಸ್ಥಾನಗಳಲ್ಲಿ ಅದರ ನಿಜವಾದ ಅಳತೆ ಸಿಗುವುದಿಲ್ಲ.

ವೈರಿನೊಳಗೆ ಉಳಿದ ಆಯಿಲ್ ಕೆಲವು ಕಾಲ ಜಿನುಗುತ್ತಲೇ ಇರುತ್ತದೆ. ತಿಂಗಳಾದ ಮೇಲೆ ಯೂನಿಟ್‌ನ ಪ್ಲಗ್ ಇನ್ನೊಮ್ಮೆ ಬಿಚ್ಚಿ ಒರೆಸಿ.