ಪೋರ್ಟ್ ತೆರೆದಿದೆ ಎಂದರೆ ಕಂಪ್ಯೂಟರಿಗೆ ಸೋಂಕು ತಗುಲಿದೆ ಎಂದರ್ಥವೇ?

ಪ್ರಶ್ನೆ: ಮನೆಯ ಮ್ಯಾಕ್ ಕಂಪ್ಯೂಟರಿನಲ್ಲಿ 5000ನೇ ಪೋರ್ಟ್ ತೆರೆದಿದೆ ಎಂದು ಸ್ಕ್ಯಾನ್ ಮಾಡುವ ತಂತ್ರಾಂಶವೊಂದು ತೋರಿಸಿತು. ಕಚೇರಿಯ ವಿಂಡೋಸ್ ಯಂತ್ರದಲ್ಲಿ 445 ಮತ್ತು 9000 ತೆರೆದಿವೆ. ಅಂತರ್ಜಾಲದಲ್ಲಿ ಸಿಕ್ಕ ಪಟ್ಟಿಯೊಂದು 5000 ಅನ್ನು ಟ್ರೋಜನ್ (ಒಳ್ಳೆಯ ತಂತ್ರಾಂಶದ ವೇಷದಲ್ಲಿ ಬರುವ ಕುತಂತ್ರಾಂಶ) ಪೋರ್ಟ್ ಎಂದೂ 445 ಅನ್ನು ವನ್ನಾಕ್ರೈ (ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ಕುತಂತ್ರಾಂಶ) ಪೋರ್ಟ್ ಎಂದೂ ಹೇಳುತ್ತದೆ. ಎರಡೂ ಯಂತ್ರಗಳಿಗೆ ಸೋಂಕು ತಗುಲಿದೆಯೇ? ಈ ಪೋರ್ಟ್‌ಗಳನ್ನು ಮುಚ್ಚಬೇಕೇ?

ಉತ್ತರ: ಸಂಖ್ಯೆಗಳಷ್ಟನ್ನೇ ನೋಡಿ ಸೋಂಕು ತಗುಲಿದೆ ಎಂದು ಯಾರೂ ಹೇಳಲಾರರು, ನಿಮ್ಮ ಮೂರೂ ಸಂಖ್ಯೆಗಳಿಗೆ ಸಹಜವಾದ ಕಾರಣಗಳಿವೆ. 2021ರಲ್ಲಿ ಬಂದ ಮ್ಯಾಕ್‌ಒಎಸ್ ಮಾಂಟೆರೇ ಆವೃತ್ತಿಯಿಂದೀಚೆಗೆ, ಐಫೋನಿನ ಚಿತ್ರವನ್ನೋ ಹಾಡನ್ನೋ ಮ್ಯಾಕ್‌ಗೆ ಕಳಿಸಲು ನೆರವಾಗುವ ಏರ್‌ಪ್ಲೇ ರಿಸೀವರ್ ಸೌಲಭ್ಯವು 5000 ಮತ್ತು 7000ನೇ ಪೋರ್ಟ್‌ಗಳನ್ನು ಬಳಸುತ್ತದೆ. 445 ವಿಂಡೋಸ್‌ನ ಫೈಲ್ ಮತ್ತು ಪ್ರಿಂಟರ್ ಹಂಚಿಕೆಗೆ ಸೇರಿದ್ದು. ಕಚೇರಿಯಲ್ಲಿ ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶ ಬಳಸುತ್ತಿದ್ದರೆ 9000 ಬಹುಮಟ್ಟಿಗೆ ಅದರದೇ ಇರುತ್ತದೆ, ಏಕೆಂದರೆ ಟ್ಯಾಲಿ ಮೊದಲಿನಿಂದಲೇ ನಿಗದಿಪಡಿಸಿಕೊಂಡಿರುವ ಸಂಖ್ಯೆ ಅದು. ಹಾಗೆಂದು ಹೆದರಬೇಡಿ ಎಂದಷ್ಟೇ ಹೇಳಿ ಮುಗಿಸುವುದು ಸರಿಯಲ್ಲ. 445ರ ವಿಚಾರದಲ್ಲಿ ನೀವು ಕೇಳಬೇಕಾದ ಪ್ರಶ್ನೆ ಬೇರೊಂದಿದೆ.

ಒಂದೇ ಐಪಿ ವಿಳಾಸಕ್ಕೆ, ಅಂದರೆ ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆಗೆ, ಬರುವ ದತ್ತಾಂಶವು ಯಾವ ತಂತ್ರಾಂಶಕ್ಕೆ ಸೇರಬೇಕೆಂದು ಗುರುತಿಸುವ 16 ಬಿಟ್‌ಗಳ ಸಂಖ್ಯೆಯೇ ಪೋರ್ಟ್. ಆದ್ದರಿಂದ ಅದು 0ಯಿಂದ 65535ರವರೆಗೆ ಇರಬಹುದು. ಯಾವ ಸೇವೆಗೆ ಯಾವ ಸಂಖ್ಯೆ ಎಂಬುದನ್ನು ಅಂತರ್ಜಾಲದ ಸಂಖ್ಯೆಗಳ ಉಸ್ತುವಾರಿ ನೋಡುವ ಐಯಾನಾ ಸಂಸ್ಥೆಯು ನೋಂದಾಯಿಸುತ್ತದೆ: ದೂರದ ಯಂತ್ರವನ್ನು ಸುರಕ್ಷಿತವಾಗಿ ನಿಯಂತ್ರಿಸುವ ಎಸ್‌ಎಸ್‌ಎಚ್‌ಗೆ 22, ಜಾಲತಾಣದ ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್‌ಗೆ 53, ಸುರಕ್ಷಿತ ಜಾಲತಾಣಗಳು ಬಳಸುವ ಎಚ್‌ಟಿಟಿಪಿಎಸ್‌ಗೆ 443. ಆದರೆ ಈ ನೋಂದಣಿ ಕೇವಲ ಒಪ್ಪಂದ. ಖಾಲಿ ಇರುವ ಯಾವುದೇ ಪೋರ್ಟ್‌ನಲ್ಲಿ ಯಾವುದೇ ತಂತ್ರಾಂಶ ಕುಳಿತುಕೊಳ್ಳುವುದನ್ನು ಅದು ತಡೆಯುವುದಿಲ್ಲ.

ನೀವು ನೋಡಿದಂಥ ಟ್ರೋಜನ್ ಪಟ್ಟಿಗಳು ಹುಟ್ಟಿದ ಕಾಲ ಬೇರೆ. 1998ರಲ್ಲಿ ಕಾಣಿಸಿಕೊಂಡ ಹಿಂಬಾಗಿಲ ತಂತ್ರಾಂಶಗಳಲ್ಲಿ ನೆಟ್‌ಬಸ್ 12345ನೇ ಪೋರ್ಟನ್ನೂ ಬ್ಯಾಕ್ ಆರಿಫಿಸ್ 31337ನೇ ಪೋರ್ಟನ್ನೂ ಬಳಸಿದವು. ಅವುಗಳ ನಂತರ ಬಂದ ಸಬ್‌ಸೆವೆನ್‌ನೊಂದಿಗೆ 27374 ಎಂಬ ಸಂಖ್ಯೆ ಬೆಸೆದುಕೊಂಡಿತು. ಆಗ ಮನೆಯ ಕಂಪ್ಯೂಟರುಗಳು ಮೋಡೆಮ್ ಮೂಲಕ ನೇರವಾಗಿ ಅಂತರ್ಜಾಲಕ್ಕೆ ಸೇರುತ್ತಿದ್ದುದರಿಂದ, ಸೋಂಕು ತಗುಲಿದ ಯಂತ್ರದಲ್ಲಿ ಒಂದು ಪೋರ್ಟ್ ತೆರೆದಿಟ್ಟರೆ ದಾಳಿಕೋರನು ಹೊರಗಿನಿಂದ ಅದನ್ನು ಹುಡುಕಿ ಒಳಬರಬಹುದಿತ್ತು, ಹಾಗೆ ಹುಡುಕಲು ಸಂಖ್ಯೆ ಮೊದಲೇ ಗೊತ್ತಿರಬೇಕಿತ್ತು. ಆ ಕಾಲದಲ್ಲೂ ಪಟ್ಟಿಗಳು ನಿರಪರಾಧಿಗಳ ಮೇಲೆ ಬೊಟ್ಟು ಮಾಡುತ್ತಿದ್ದವು. 12345 ಅನ್ನು ಟ್ರೆಂಡ್ ಮೈಕ್ರೋ ಕಂಪನಿಯ ಆಫೀಸ್‌ಸ್ಕ್ಯಾನ್ ಎಂಬ ವೈರಸ್ ನಿರೋಧಕವೂ ಬಳಸುತ್ತಿತ್ತು. ನಿಮ್ಮ 5000 ಅನ್ನು ಸಾಕೆಟ್ಸ್ ದ ತ್ರುವಾ ಎಂಬ ಟ್ರೋಜನ್ ಬಳಸಿದ್ದು ನಿಜ, ಆದರೆ ವಿಂಡೋಸ್ ಎಕ್ಸ್‌ಪಿ ಕೂಡ ಜಾಲದ ಉಪಕರಣಗಳನ್ನು ತಾನಾಗಿ ಗುರುತಿಸುವ ತನ್ನ ಯುಪಿಎನ್‌ಪಿ ಸೇವೆಗೆ ಅದನ್ನೇ ತೆರೆದಿಡುತ್ತಿತ್ತು. ಎಕ್ಸ್‌ಪಿಯು ಬ್ರೌಸರಿನ ಪ್ರತಿಯೊಂದು ಸಂಪರ್ಕಕ್ಕೂ 1025ರಿಂದ 5000ದೊಳಗಿನ ಒಂದು ತಾತ್ಕಾಲಿಕ ಪೋರ್ಟ್ ಕೊಡುತ್ತಿದ್ದುದರಿಂದ, 2004ರ ಮೈಡೂಮ್ ಹುಳು (ಯಂತ್ರದಿಂದ ಯಂತ್ರಕ್ಕೆ ಹಬ್ಬುವ ಕುತಂತ್ರಾಂಶ) ಹಿಂಬಾಗಿಲಾಗಿ ಬಳಸಿದ 3127 ಎಂಬ ಸಂಖ್ಯೆ ಯಾವ ಸೋಂಕೂ ಇಲ್ಲದ ಯಂತ್ರದಲ್ಲೂ ಆಗಾಗ ಕಾಣಿಸುತ್ತಿತ್ತು.

ಮನೆಗಳಿಗೆ ರೌಟರ್ ಬಂದ ಮೇಲೆ, ಮತ್ತು ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ 2004ರಲ್ಲಿ ಹೊರಗಿನ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಅನ್ನು ತಾನಾಗಿಯೇ ಚಾಲನೆಯಲ್ಲಿಟ್ಟ ಮೇಲೆ, ಹೊರಗಿನಿಂದ ಒಳಬರುವ ಈ ದಾರಿ ಕಷ್ಟವಾಯಿತು. ಇಂದಿನ ಕುತಂತ್ರಾಂಶಗಳಲ್ಲಿ ಹೆಚ್ಚಿನವು ತಾವೇ ಒಳಗಿನಿಂದ ದಾಳಿಕೋರನ ಸರ್ವರಿಗೆ ಸಂಪರ್ಕ ಬೆಳೆಸುತ್ತವೆ. ಅದಕ್ಕೆ ಸಾಮಾನ್ಯವಾಗಿ ಬಳಸುವುದು ಬ್ಯಾಂಕಿನ ಜಾಲತಾಣಕ್ಕೆ ನೀವು ಹೋಗುವಾಗ ಬಳಕೆಯಾಗುವ ಅದೇ 443ನೇ ಪೋರ್ಟನ್ನು, ಏಕೆಂದರೆ ಅದನ್ನು ಯಾವ ಕಚೇರಿಯೂ ಮುಚ್ಚಲಾರದು. ಹಳೆಯ ಪಟ್ಟಿಯನ್ನು ಹಿಡಿದು ಸೋಂಕು ಹುಡುಕುವವರ ಕಣ್ಣಿಗೆ ಇವು ಬೀಳುವುದೇ ಇಲ್ಲ.

ಈಗ 445. ಇದನ್ನು ವನ್ನಾಕ್ರೈ ಪೋರ್ಟ್ ಎಂದು ಕರೆಯುವುದರಿಂದ ಆಗುವ ಹಾನಿಯೆಂದರೆ, ವನ್ನಾಕ್ರೈ ಬಂದು ಈ ಪೋರ್ಟನ್ನು ತೆರೆಯಿತು ಎಂದು ಓದುಗರು ಭಾವಿಸುತ್ತಾರೆ. ನಡೆದದ್ದು ಹಾಗಲ್ಲ. ಪೋರ್ಟ್ ಮೊದಲೇ, ನ್ಯಾಯವಾದ ಕೆಲಸಕ್ಕಾಗಿಯೇ ತೆರೆದಿತ್ತು; ಅಲ್ಲಿ ಕುಳಿತಿದ್ದ, ಫೈಲ್ ಹಂಚಿಕೆ ನಡೆಸುವ ಎಸ್‌ಎಂಬಿ ಸೇವೆಯ ಹಳೆಯ ಮೊದಲ ಆವೃತ್ತಿಯನ್ನು ನಿರ್ವಹಿಸುವ ಭಾಗದಲ್ಲಿ ದೋಷವಿತ್ತು. ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದು ಎಂಎಸ್17-010 ಎಂಬ ಪ್ರಕಟಣೆಯೊಂದಿಗೆ ಅದಕ್ಕೆ ಪರಿಹಾರ ಕೊಟ್ಟಿತು. ಏಪ್ರಿಲ್‌ನಲ್ಲಿ ಶ್ಯಾಡೋ ಬ್ರೋಕರ್ಸ್ ಎಂಬ ಹ್ಯಾಕರ್ ಗುಂಪು ಆ ದೋಷವನ್ನು ಬಳಸಿಕೊಳ್ಳುವ ಎಟರ್ನಲ್‌ಬ್ಲೂ ಸಾಧನವನ್ನು ಬಹಿರಂಗಪಡಿಸಿತು, ಮೇ 12ರಂದು ವನ್ನಾಕ್ರೈ ಅದನ್ನೇ ಬಳಸಿ ಹಬ್ಬಿ ಬ್ರಿಟನ್ನಿನ ಹಲವು ಆಸ್ಪತ್ರೆಗಳ ಕೆಲಸವನ್ನು ಅಸ್ತವ್ಯಸ್ತಗೊಳಿಸಿತು, ಜೂನ್ 27ರಂದು ಯುಕ್ರೇನಿನಲ್ಲಿ ಆರಂಭವಾದ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಕೂಡ ಇದೇ ದೋಷವನ್ನು ಬಳಸಿತು. ಪರಿಹಾರ ಕೈಗೆ ಬಂದು ಮೂರು ತಿಂಗಳು ಕಳೆದಿದ್ದರೂ ಅಸಂಖ್ಯ ಯಂತ್ರಗಳು ಅದನ್ನು ಅಳವಡಿಸಿಕೊಂಡಿರಲಿಲ್ಲ ಎಂಬುದು ನನಗೆ ಇಂದಿಗೂ ಕಳವಳದ ವಿಷಯ. ಆದ್ದರಿಂದ 445ರ ಬಗ್ಗೆ ನೀವು ಕೇಳಬೇಕಾದದ್ದು ಇಷ್ಟು: ಈ ಪೋರ್ಟನ್ನು ಯಾರು ಯಾರು ತಲುಪಬಲ್ಲರು, ಮತ್ತು ಅದರ ಹಿಂದಿರುವ ತಂತ್ರಾಂಶ ನವೀಕೃತವಾಗಿದೆಯೇ? ಕಚೇರಿಯ ಪ್ರಿಂಟರ್ ಹಂಚಿಕೊಳ್ಳಲು ಅದು ಒಳಜಾಲದಲ್ಲಿ ತೆರೆದಿರಲಿ. ಅಂತರ್ಜಾಲದ ಕಡೆಗೆ ಎಂದಿಗೂ ತೆರೆದಿರಬಾರದು. ಎಸ್‌ಎಂಬಿ ಮೊದಲ ಆವೃತ್ತಿ ಇನ್ನೂ ಚಾಲನೆಯಲ್ಲಿದ್ದರೆ ಅದನ್ನು ತೆಗೆಸಿ.

ಸೇವೆ ಓಡುತ್ತಿರುವುದೇ ಯಂತ್ರದ ಒಡೆಯನಿಗೆ ಗೊತ್ತಿಲ್ಲದಿದ್ದರೆ ಅಪಾಯ ಇನ್ನೂ ಹೆಚ್ಚು. 2003ರ ಜನವರಿ 25ರಂದು ಯುಡಿಪಿ ಎಂಬ ದತ್ತಾಂಶ ರವಾನೆಯ ಕ್ರಮದ 1434ನೇ ಪೋರ್ಟ್ ಮೂಲಕ ಹಬ್ಬಿದ ಸ್ಲ್ಯಾಮರ್ ಹುಳು ಕೇವಲ 376 ಬೈಟ್‌ಗಳಷ್ಟಿತ್ತು, ಆದರೂ ಸುಮಾರು ಹತ್ತು ನಿಮಿಷಗಳಲ್ಲಿ ದುರ್ಬಲ ಯಂತ್ರಗಳಲ್ಲಿ ಬಹುಪಾಲನ್ನು ತಲುಪಿತು. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ದತ್ತಸಂಚಯದ ಕಿರು ರೂಪವು ಬೇರೆ ತಂತ್ರಾಂಶಗಳ ಜೊತೆಯಲ್ಲೇ ಸ್ಥಾಪನೆಯಾಗಿರುತ್ತಿದ್ದುದರಿಂದ, ತಮ್ಮಲ್ಲಿ ಅದು ಇದೆಯೆಂಬ ಅರಿವೇ ಇಲ್ಲದವರೂ ಅದಕ್ಕೆ ಬಲಿಯಾದರು.

ಹಾಗಾಗಿ ಸಂಖ್ಯೆಯ ಹಿಂದೆ ಯಾವ ತಂತ್ರಾಂಶವಿದೆ ಎಂದು ನೋಡುವುದೇ ಸರಿಯಾದ ಕ್ರಮ. ವಿಂಡೋಸ್‌ನಲ್ಲಿ ರಿಸೋರ್ಸ್ ಮಾನಿಟರ್ ತೆರೆದು ನೆಟ್‌ವರ್ಕ್ ವಿಭಾಗಕ್ಕೆ ಹೋದರೆ, ಕಾದು ಕುಳಿತಿರುವ ಪ್ರತಿಯೊಂದು ಪೋರ್ಟ್‌ನ ಮುಂದೆ ಅದನ್ನು ಹಿಡಿದಿರುವ ತಂತ್ರಾಂಶದ ಹೆಸರು ಮತ್ತು ಫೈರ್‌ವಾಲ್ ಅದಕ್ಕೆ ಅನುಮತಿ ಕೊಟ್ಟಿದೆಯೇ ಎಂಬುದು ಕಾಣುತ್ತದೆ. ವಿಳಾಸ IPv4 loopback (ಅಂದರೆ 127.0.0.1) ಎಂದಿದ್ದರೆ ಆ ಸೇವೆಯನ್ನು ಅದೇ ಯಂತ್ರ ಮಾತ್ರ ತಲುಪಬಲ್ಲದು, IPv4 unspecified (ಅಂದರೆ 0.0.0.0) ಎಂದಿದ್ದರೆ, ಫೈರ್‌ವಾಲ್ ತಡೆಯದಿದ್ದಲ್ಲಿ, ಜಾಲದ ಇತರ ಯಂತ್ರಗಳಿಗೂ ಅದು ತೆರೆದಿರುತ್ತದೆ. ತಂತ್ರಾಂಶದ ಕಡತ ತಾತ್ಕಾಲಿಕ ಫೋಲ್ಡರಿನಲ್ಲಿದ್ದು, ನೀವು ಸ್ಥಾಪಿಸಿದ ಯಾವುದಕ್ಕೂ ಸೇರದೆ, ಡಿಜಿಟಲ್ ಸಹಿಯೂ ಇಲ್ಲದೆ ಇದ್ದರೆ ಸಂಶಯಪಡುವುದು ಯೋಗ್ಯ. ಮ್ಯಾಕ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಏರ್‌ಪ್ಲೇ ರಿಸೀವರ್ ಆಫ್ ಮಾಡಿ ಮತ್ತೆ ಸ್ಕ್ಯಾನ್ ಮಾಡಿ. 5000 ಮಾಯವಾದರೆ ಉತ್ತರ ಸಿಕ್ಕಂತೆ. 9000ಕ್ಕೂ ಹೀಗೆಯೇ ಟ್ಯಾಲಿಯನ್ನು ಮುಚ್ಚಿ ನೋಡಬಹುದು.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಮನೆಯಿಂದಲೇ ಟ್ಯಾಲಿ ನೋಡಬೇಕೆಂದು ಕಚೇರಿಯ ರೌಟರಿನಲ್ಲಿ ದೂರದಿಂದ ಯಂತ್ರವನ್ನು ಬಳಸಲು ನೆರವಾಗುವ ರಿಮೋಟ್ ಡೆಸ್ಕ್‌ಟಾಪ್‌ನ 3389ನೇ ಪೋರ್ಟನ್ನು ಅಂತರ್ಜಾಲಕ್ಕೆ ತೆರೆದಿಡುವ ಅಭ್ಯಾಸ ಸಣ್ಣ ಕಚೇರಿಗಳಲ್ಲಿದೆ. ಪಾಸ್‌ವರ್ಡ್‌ಗಳನ್ನು ಒಂದಾದ ಮೇಲೊಂದು ಪ್ರಯತ್ನಿಸಿ ಈ ದಾರಿಯಲ್ಲಿ ಒಳನುಗ್ಗಿ, ವನ್ನಾಕ್ರೈಯಂತೆ ಹಣ ಕೀಳುವ ರ್‍ಯಾನ್ಸಮ್‌ವೇರ್ ಬಿತ್ತುವುದು ದಾಳಿಕೋರರು ನೆಚ್ಚಿಕೊಂಡಿರುವ ವಿಧಾನ. ಸಂಖ್ಯೆಯನ್ನು ಬದಲಿಸಿದರೂ ರಕ್ಷಣೆ ಸಿಗದು. ಸ್ಕ್ಯಾನ್ ಮಾಡುವವರಿಗೆ ಎಲ್ಲ ಪೋರ್ಟ್‌ಗಳನ್ನೂ ತಟ್ಟಿ ನೋಡಲು ಹೆಚ್ಚು ಹೊತ್ತು ಬೇಡ. ವಿಪಿಎನ್ (ಕಚೇರಿಯ ಜಾಲಕ್ಕೆ ಸುರಕ್ಷಿತವಾದ ಖಾಸಗಿ ಸಂಪರ್ಕ) ಮೂಲಕ ಮಾತ್ರ ತಲುಪುವಂತೆ ಮಾಡಿಸಿಕೊಳ್ಳಿ.

ಇನ್ನು ಅನುಮಾನಾಸ್ಪದ ಪೋರ್ಟ್ ಒಂದೂ ಕಾಣಲಿಲ್ಲವೆಂದರೆ ಯಂತ್ರ ಶುದ್ಧ ಎಂದೂ ತೀರ್ಮಾನಿಸಬೇಡಿ. 2016ರಲ್ಲಿ ಸಿಸಿಟಿವಿ ಕ್ಯಾಮೆರಾ ಮತ್ತು ಡಿವಿಆರ್‌ಗಳನ್ನು ದೂರದಿಂದ ಆದೇಶ ಕೊಡುವ ಹಳೆಯ ಸೇವೆಯಾದ ಟೆಲ್‌ನೆಟ್‌ನ 23ನೇ ಪೋರ್ಟ್ ಮೂಲಕ, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್‌ಗಳನ್ನೇ ಬಳಸಿ ವಶಪಡಿಸಿಕೊಂಡ ಮಿರಾಯ್ ಎಂಬ ಕುತಂತ್ರಾಂಶ, ಒಳಗೆ ಸೇರಿದ ಮೇಲೆ ಬೇರೆ ದಾಳಿಕೋರರು ಬರದಂತೆ ಅದೇ ಟೆಲ್‌ನೆಟ್ ಸೇವೆಯನ್ನು ನಿಲ್ಲಿಸಿಬಿಡುತ್ತಿತ್ತು. ಸೋಂಕು ತಗುಲಿದ ಕ್ಯಾಮೆರಾವನ್ನು ಆಮೇಲೆ ಸ್ಕ್ಯಾನ್ ಮಾಡಿದವರಿಗೆ ಮೊದಲಿಗಿಂತ ಕಡಿಮೆ ಪೋರ್ಟ್‌ಗಳು ತೆರೆದಂತೆ ಕಾಣುತ್ತಿದ್ದವು.