ಗಲೀಜು ಮಾಡುವ ದೊಡ್ಡ ಮೀನಿಗೆ ಎಂಥ ಫಿಲ್ಟರ್ ಬೇಕು?

ಅಕ್ವೇರಿಯಂನಲ್ಲಿ ಸಾಕುವ ಆಸ್ಕರ್ ಮೀನಿನ ಮರಿಯನ್ನು ಮನೆಗೆ ತರುವಾಗ ಅದು ಸುಮಾರು 5 ಸೆಂಟಿಮೀಟರ್ ಉದ್ದ ಇರುತ್ತದೆ. ಚೆನ್ನಾಗಿ ಸಾಕಿದರೆ 30 ಸೆಂಟಿಮೀಟರ್ ಮುಟ್ಟುತ್ತದೆ. ಆರು ಪಟ್ಟು ಬೆಳೆಯಿತು, ಅಷ್ಟೇ ಅಲ್ವಾ ಅನ್ನಿಸಬಹುದು. ಆದರೆ ಮೀನು ಬರೀ ಉದ್ದಕ್ಕೆ ಬೆಳೆಯುವುದಿಲ್ಲ. ಅಗಲ, ದಪ್ಪ ಎರಡೂ ಜೊತೆಜೊತೆಗೆ ಹೆಚ್ಚುತ್ತವೆ. ಆರನ್ನು ಮೂರು ಸಲ ಗುಣಿಸಿ ನೋಡಿ: ತೂಕ ಸುಮಾರು 216 ಪಟ್ಟು ಆಗಿರುತ್ತದೆ. ದೊಡ್ಡ ಮೀನು ತನ್ನ ತೂಕದ ಲೆಕ್ಕದಲ್ಲಿ ಮರಿಗಿಂತ ಕಡಿಮೆ ತಿನ್ನುತ್ತದೆ, ಹಾಗಾಗಿ ಆಹಾರ 216 ಪಟ್ಟು ಹೆಚ್ಚುವುದಿಲ್ಲ. ಆದರೂ ಹತ್ತಾರು ಪಟ್ಟು ಹೆಚ್ಚುತ್ತದೆ. ಮರಿಗೆ ಧಾರಾಳವಾಗಿ ಸಾಕಾಗಿದ್ದ ಫಿಲ್ಟರ್ ಒಂದು ವರ್ಷ ಕಳೆಯುವಷ್ಟರಲ್ಲಿ ಸೋತುಹೋಗುವುದು ಇದಕ್ಕೇ.

ಫಿಲ್ಟರಿನ ಡಬ್ಬದ ಮೇಲೆ "300 ಲೀಟರ್ ಟ್ಯಾಂಕಿಗೆ" ಎಂದು ಬರೆದಿರುತ್ತದೆ. ಈ ಸಂಖ್ಯೆಯನ್ನು ನಂಬಿ ಕೊಳ್ಳುವವರೇ ಹೆಚ್ಚು. ನನ್ನ ಪ್ರಕಾರ ತಪ್ಪು ಶುರುವಾಗುವುದೇ ಇಲ್ಲಿ. 300 ಲೀಟರ್ ನೀರಿನಲ್ಲಿ ಹತ್ತು ಪುಟ್ಟ ಟೆಟ್ರಾ ಮೀನುಗಳಿರಬಹುದು, ಒಂದು ಆಸ್ಕರ್ ಇರಬಹುದು. ನೀರು ಅಷ್ಟೇ, ಗಲೀಜು ಮಾತ್ರ ಬೇರೆ ಬೇರೆ. ಅಳೆಯಬೇಕಾದದ್ದು ದಿನಾ ಎಷ್ಟು ಆಹಾರ ಹಾಕುತ್ತೇವೆ ಎಂಬುದನ್ನು.

ಒಂದು ಲೆಕ್ಕ ಮಾಡೋಣ. ದಿನಕ್ಕೆ 10 ಗ್ರಾಂ ಕಾಳಿನಂಥ ಮೀನಿನ ಆಹಾರ (ಪೆಲೆಟ್), ಅದರಲ್ಲಿ ಶೇ. 40 ಪ್ರೋಟೀನ್ ಅಂದುಕೊಳ್ಳಿ. ಪ್ರೋಟೀನಿನ ತೂಕದಲ್ಲಿ ಸುಮಾರು ಶೇ. 16 ಸಾರಜನಕ. ಅಂದರೆ ಮೀನಿನ ಹೊಟ್ಟೆಗೆ 0.64 ಗ್ರಾಂ ಸಾರಜನಕ ಹೋಯಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಮೋನಿಯಾ ರೂಪದಲ್ಲಿ ಹೊರಬರುತ್ತದೆ, ಅದೂ ಬಹುಪಾಲು ಕಿವಿರುಗಳ ಮೂಲಕ. ಈ ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ. 300 ಲೀಟರ್ ಟ್ಯಾಂಕಿನಲ್ಲಿ ಇದು ದಿನಕ್ಕೆ ಲೀಟರಿಗೆ ಒಂದು ಮಿಲಿಗ್ರಾಂಗಿಂತ ಸ್ವಲ್ಪ ಮೇಲೆ ಬರುತ್ತದೆ. ನೀರು ಎಷ್ಟು ಕ್ಷಾರ ಎಂಬುದರ ಮೇಲೆ ಇದರ ವಿಷ ನಿಂತಿದೆ. 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದರೆ ಅಮೋನಿಯಾದಲ್ಲಿ ಶೇ. 1ಕ್ಕಿಂತ ಕಡಿಮೆ ಭಾಗ ಮಾತ್ರ ವಿಷದ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದೇ ಭಾಗ ಶೇ. 5 ದಾಟುತ್ತದೆ. ನೀರು ತಿಳಿಯಾಗಿ ಹೊಳೆಯುತ್ತಿದ್ದರೂ ಮೀನು ಏದುಸಿರು ಬಿಡುವುದುಂಟು. ತಿಳಿನೀರು ಬೇರೆ, ಒಳ್ಳೆಯ ನೀರು ಬೇರೆ.

ಅಮೋನಿಯಾವನ್ನು ಯಾವ ಸ್ಪಾಂಜೂ ಸೋಸಿ ಹಿಡಿಯಲಾರದು. ಆ ಕೆಲಸ ಬ್ಯಾಕ್ಟೀರಿಯಾಗಳದ್ದು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದನ್ನು 1890ರ ಸುಮಾರಿಗೆ ತೋರಿಸಿಕೊಟ್ಟವರು ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ. ಎರಡನೇ ಹಂತದ ಕೆಲಸಗಾರ ನೈಟ್ರೊಬ್ಯಾಕ್ಟರ್ ಎಂದು ಬಹಳ ಕಾಲ ನಂಬಲಾಗಿತ್ತು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡುತ್ತಿರುವುದು ನೈಟ್ರೊಸ್ಪೈರಾ ಗುಂಪಿನ ಬ್ಯಾಕ್ಟೀರಿಯಾ ಎಂದು 1998ರಲ್ಲಿ ಗೊತ್ತಾಯಿತು. 2015ರಲ್ಲಿ ಮತ್ತೊಂದು ಬೆರಗು ಕಾದಿತ್ತು. ನೈಟ್ರೊಸ್ಪೈರಾದಲ್ಲಿ ಕೆಲವು ಎರಡೂ ಹಂತಗಳನ್ನು ಒಂದೇ ಜೀವಕೋಶದಲ್ಲಿ ಮುಗಿಸುತ್ತವೆ! ಅಂಥವು ಸಿಕ್ಕಿದ ಜಾಗಗಳಲ್ಲಿ ಒಂದು, ಮೀನು ಸಾಕಣೆ ವ್ಯವಸ್ಥೆಯೊಂದರ ಫಿಲ್ಟರ್. ನಾವು ದಿನಾ ನೋಡುವ ಕಂದು ಬಣ್ಣದ ಲೋಳೆಯಲ್ಲಿ ಇಷ್ಟೆಲ್ಲ ಅಡಗಿದೆ ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ.

ಈ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಳ್ಳಲು ಜಾಗ ಬೇಕು, ಆಮ್ಲಜನಕವೂ ಬೇಕು. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು 4.6 ಗ್ರಾಂ ಆಮ್ಲಜನಕ ಖರ್ಚಾಗುತ್ತದೆ. 25 ಡಿಗ್ರಿ ನೀರು ಹಿಡಿದಿಟ್ಟುಕೊಳ್ಳುವುದು ಲೀಟರಿಗೆ ಹೆಚ್ಚೆಂದರೆ 8 ಮಿಲಿಗ್ರಾಂ ಚಿಲ್ಲರೆ. ಹಾಗಾಗಿ ಫಿಲ್ಟರಿನೊಳಗೆ ಆಮ್ಲಜನಕಕ್ಕೆ ಸದಾ ಪೈಪೋಟಿ.

ಗಲೀಜು ಮೀನಿನ ನಿಜವಾದ ತೊಂದರೆ ಈ ಪೈಪೋಟಿಯಲ್ಲಿದೆ. ಆಸ್ಕರ್ ತನ್ನ ಆಹಾರವನ್ನು ಗಂಟಲಿನ ಹಲ್ಲುಗಳಲ್ಲಿ ಅರೆಯುತ್ತದೆ. ಪುಡಿಯೆಲ್ಲ ಕಿವಿರಿನಿಂದ ಮೋಡದ ಹಾಗೆ ಹೊರಗೆ ಚೆಲ್ಲುತ್ತದೆ. ಗೋಲ್ಡ್‌ಫಿಶ್‌ಗೆ ಜಠರವೇ ಇಲ್ಲ. ತಿಂದದ್ದು ನೇರ ಕರುಳಿಗೆ ಹೋಗುತ್ತದೆ, ದಿನವಿಡೀ ತಿನ್ನುತ್ತಾ ದಿನವಿಡೀ ಹೊರಹಾಕುತ್ತದೆ. ಈ ಪುಡಿ, ಈ ಮಲ ಫಿಲ್ಟರ್ ಸೇರಿದ ಮೇಲೆ ಅದನ್ನು ಕೊಳೆಸುವ ಬೇರೆ ಬ್ಯಾಕ್ಟೀರಿಯಾಗಳು ಬರುತ್ತವೆ. ಅವು ಗಂಟೆಗಳಲ್ಲಿ ದುಪ್ಪಟ್ಟಾಗುತ್ತವೆ. ಅಮೋನಿಯಾ ತಿನ್ನುವವು ದುಪ್ಪಟ್ಟಾಗಲು ಒಂದು ದಿನವೋ ಇನ್ನೂ ಹೆಚ್ಚೋ ತೆಗೆದುಕೊಳ್ಳುತ್ತವೆ. ಜಾಗವೂ ಆಮ್ಲಜನಕವೂ ವೇಗವಾಗಿ ಬೆಳೆಯುವವರ ಪಾಲಾಗುತ್ತವೆ. ಸಾಲದ್ದಕ್ಕೆ ಕೊಳೆಯುವ ಕಸದಿಂದಲೂ ಅಮೋನಿಯಾ ಹುಟ್ಟುತ್ತದೆ. ಹಾಗಾಗಿ ದೊಡ್ಡ ಮೀನಿಗೆ ಫಿಲ್ಟರ್ ಆರಿಸುವಾಗ ಮೊದಲ ಪ್ರಶ್ನೆ ಇದು: ಹಿಡಿದ ಕೊಳೆಯನ್ನು ನಾನು ಎಷ್ಟು ಸುಲಭವಾಗಿ, ಎಷ್ಟು ಸಲ ಹೊರಗೆ ತೆಗೆಯಬಲ್ಲೆ? ಫಿಲ್ಟರಿನಲ್ಲಿ ಸಿಕ್ಕಿಕೊಂಡ ಮಲ ಇನ್ನೂ ಅದೇ ನೀರಿನಲ್ಲಿದೆ. ಕಸವನ್ನು ಮನೆಯ ಒಂದು ಮೂಲೆಗೆ ಗುಡಿಸಿಟ್ಟು ಬಾಗಿಲು ಮುಚ್ಚಿದ ಹಾಗೆ ಅದು.

ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಆಯ್ಕೆ ಸಲೀಸಾಗುತ್ತದೆ. ಜಲ್ಲಿಯ ಕೆಳಗೆ ಹಾಸುವ ಫಿಲ್ಟರ್ ಇಲ್ಲಿ ಬೇಡವೇ ಬೇಡ. ಕೊಳೆಯನ್ನು ಅದು ಕೈಗೆ ಸಿಗದ ಜಾಗಕ್ಕೆ ಎಳೆಯುತ್ತದೆ, ಮೇಲಾಗಿ ಆಸ್ಕರ್‌ನಂಥ ಮೀನು ಜಲ್ಲಿಯನ್ನು ಅಗೆದು ಹಾಕುತ್ತದೆ. ಗಾಳಿಯಿಂದ ನಡೆಯುವ ಸ್ಪಾಂಜ್ ಫಿಲ್ಟರ್ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಮನೆ. ಆದರೆ ಇಷ್ಟು ಕೊಳೆಗೆ ಅದೊಂದೇ ಸಾಲದು, ಜೊತೆಗೊಂದು ಇದ್ದರೆ ಒಳ್ಳೆಯದು. ಟ್ಯಾಂಕಿನ ಹಿಂಬದಿಗೆ ನೇತುಹಾಕುವ ಫಿಲ್ಟರನ್ನು ಜನ ಹಗುರವಾಗಿ ಕಾಣುತ್ತಾರೆ. ಅದರ ಸ್ಪಾಂಜ್ ತೆಗೆದು ತೊಳೆಯಲು ಎರಡು ನಿಮಿಷ ಸಾಕು, ಅದಕ್ಕೇ ನನಗೆ ಅದರ ಮೇಲೆ ಗೌರವ.

ಕ್ಯಾನಿಸ್ಟರ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮುಚ್ಚಿದ ಡಬ್ಬದೊಳಗೆ ಪಂಪು ನೀರನ್ನು ತಟ್ಟೆಯಿಂದ ತಟ್ಟೆಗೆ ನೂಕುತ್ತದೆ. ಜಾಗ ಧಾರಾಳ, ಸದ್ದು ಕಡಿಮೆ. ಆದರೆ ಪೈಪು ಕಳಚಿ, ಡಬ್ಬ ಹೊತ್ತು, ತೊಳೆದು, ಮತ್ತೆ ಜೋಡಿಸುವ ಕೆಲಸವನ್ನು ಎಲ್ಲರೂ ಮುಂದಕ್ಕೆ ತಳ್ಳುತ್ತಾರೆ. ತಿಂಗಳುಗಟ್ಟಲೆ ಮಲ ಒಳಗೇ ಕೊಳೆಯುತ್ತದೆ. ಇದಕ್ಕೊಂದು ಸರಳ ಉಪಾಯವಿದೆ. ನೀರು ಎಳೆದುಕೊಳ್ಳುವ ಕೊಳವೆಯ ತುದಿಗೆ ಒರಟು ಸ್ಪಾಂಜ್ ತೊಡಿಸಿ, ಅದನ್ನು ಎರಡು ಮೂರು ದಿನಕ್ಕೊಮ್ಮೆ ಹಿಂಡಿ. ಡಬ್ಬದೊಳಗೆ ಹೋಗುವ ಕೊಳೆ ಎಷ್ಟೋ ತಗ್ಗುತ್ತದೆ, ಒಳಗಿನ ಬ್ಯಾಕ್ಟೀರಿಯಾಗಳು ನೆಮ್ಮದಿಯಾಗಿ ಕೆಲಸ ಮಾಡುತ್ತವೆ. ಕರೆಂಟು ಗಂಟೆಗಟ್ಟಲೆ ಹೋದರೆ ಮುಚ್ಚಿದ ಡಬ್ಬದಲ್ಲಿ ಆಮ್ಲಜನಕ ಮುಗಿಯುತ್ತದೆ, ಕೊಳೆ ತುಂಬಿದ್ದಷ್ಟೂ ಬೇಗ. ಆಗ ಸುಮ್ನೆ ಸ್ವಿಚ್ ಹಾಕಬೇಡಿ. ಡಬ್ಬ ಬಿಚ್ಚಿ ಒಳಗಿನ ಕೆಟ್ಟ ನೀರು ಚೆಲ್ಲಿ, ಆಮೇಲೆ ಚಾಲೂ ಮಾಡಿ.

ಜಾಗ ಇದ್ದವರಿಗೆ ನಾನು ಸೂಚಿಸುವುದು ಸಂಪ್, ಅಂದರೆ ಟ್ಯಾಂಕಿನ ಕೆಳಗಿಡುವ ಎರಡನೇ ತೊಟ್ಟಿ. ಮೇಲಿನಿಂದ ಉಕ್ಕಿ ಬರುವ ನೀರು ಮೊದಲು ಒಂದು ಬಟ್ಟೆಯ ಚೀಲದಲ್ಲೋ ಸ್ಪಾಂಜ್ ಹಾಳೆಯಲ್ಲೋ ಸೋಸಿಹೋಗುತ್ತದೆ. ಅದು ಕಣ್ಣೆದುರೇ ಇರುತ್ತದೆ, ಕೊಳೆಯಾದರೆ ತೆಗೆದು ಬೇರೆಯದನ್ನು ಇಡಬಹುದು. ಬೀಳುವ ನೀರು ಗಾಳಿಯಿಂದ ಆಮ್ಲಜನಕ ಹೀರುತ್ತದೆ. ಒಟ್ಟು ನೀರೂ ಹೆಚ್ಚಾಗುತ್ತದೆ. ಆಸ್ಕರ್ ಗುದ್ದಿ ಒಡೆಯುವ ಹೀಟರನ್ನು ಅಲ್ಲಿ ಬಚ್ಚಿಡಬಹುದು. ಒಂದೇ ಎಚ್ಚರ: ಪಂಪು ನಿಂತಾಗ ಮೇಲಿನಿಂದ ಇಳಿದುಬರುವಷ್ಟೂ ನೀರು ಹಿಡಿಸುವ ಖಾಲಿ ಜಾಗ ಸಂಪಿನಲ್ಲಿ ಇರಲೇಬೇಕು.

ಪಂಪಿನ ಮೇಲೆ ಬರೆದಿರುವ "ಗಂಟೆಗೆ ಇಷ್ಟು ಲೀಟರ್" ಸಾಮಾನ್ಯವಾಗಿ ಒಳಗೆ ಏನೂ ತುಂಬದೆ, ನೀರನ್ನು ಎತ್ತರಕ್ಕೆ ಏರಿಸದೆ ಅಳೆದದ್ದು. ಸ್ಪಾಂಜ್ ತುಂಬಿ, ಅದು ಅರ್ಧ ಕಟ್ಟಿಕೊಂಡ ಮೇಲೆ ಹರಿವು ತುಂಬಾ ಇಳಿಯುತ್ತದೆ. ಬಕೆಟ್ ಹಿಡಿದು, ತುಂಬಲು ಎಷ್ಟು ಹೊತ್ತಾಯಿತು ಎಂದು ನೋಡಿದರೆ ನಿಜ ಗೊತ್ತಾಗುತ್ತದೆ. ಟ್ಯಾಂಕಿನ ನೀರಿನ ಐದಾರು ಪಟ್ಟು ಗಂಟೆಗೆ ನಿಜವಾಗಿ ಹರಿದರೆ ದೊಡ್ಡ ಮೀನಿಗೆ ಸರಿಹೋಗುತ್ತದೆ. ಎರಡು ಫಿಲ್ಟರ್ ಸೇರಿ ಅಷ್ಟು ಕೊಟ್ಟರೆ ಇನ್ನೂ ಒಳ್ಳೆಯದು. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ, ತೊಳೆಯುವಾಗಲೂ ಒಂದೊಂದಾಗಿ ತೊಳೆಯಬಹುದು. ತಳದಲ್ಲಿರುವ ಕಸವು ನೀರು ಎಳೆದುಕೊಳ್ಳುವ ಕೊಳವೆಯ ಕಡೆಗೆ ತೇಲಿಹೋಗುವ ಹಾಗೆ, ಫಿಲ್ಟರಿನಿಂದ ನೀರು ಹೊರಬರುವ ಬಾಯಿಯನ್ನು ತಿರುಗಿಸಿ. ಇಲ್ಲದಿದ್ದರೆ ಎಂಥ ಫಿಲ್ಟರ್ ಇದ್ದರೂ ಕಸ ಮೂಲೆಯಲ್ಲೇ ಉಳಿಯುತ್ತದೆ.

ಸ್ಪಾಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ. ಕ್ಲೋರಿನ್ ಇರುವ ನಲ್ಲಿ ನೀರು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಹೊಸ ಫಿಲ್ಟರಿನಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಫಿಲ್ಟರಿನಲ್ಲಿ ಹಾಕುವ ಇದ್ದಿಲು ನೀರಿನ ಬಣ್ಣವನ್ನೂ ವಾಸನೆಯನ್ನೂ ತೆಗೆಯುತ್ತದೆ, ಅಮೋನಿಯಾವನ್ನಲ್ಲ. ಕೊನೆಗೆ ಉಳಿಯುವ ನೈಟ್ರೇಟನ್ನು ಸಾಮಾನ್ಯ ಫಿಲ್ಟರ್‌ಗಳು ತೆಗೆಯಲಾರವು, ಅದಕ್ಕೆ ನೀರು ಬದಲಿಸಬೇಕು. ಎಷ್ಟು ಸಲ ಎಂಬುದನ್ನು ಪರೀಕ್ಷೆಯ ಕಿಟ್ ಹೇಳುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿ ನೈಟ್ರೇಟ್ ಮಾತ್ರ ಏರುತ್ತಿದ್ದರೆ ಫಿಲ್ಟರ್ ತನ್ನ ಪಾಲಿನ ಕೆಲಸ ಮಾಡುತ್ತಿದೆ. ಅಮೋನಿಯಾ ಸೊನ್ನೆಗೆ ಇಳಿಯದೇ ಇದ್ದರೆ ಹೊಸ ಫಿಲ್ಟರ್ ಕೊಳ್ಳುವ ಮೊದಲು ಹಳೆಯದನ್ನು ಬಿಚ್ಚಿ, ಒಳಗೆ ಎಷ್ಟು ಕೊಳೆ ಕೂತಿದೆ ನೋಡಿ.