ಪದ ಪರಿಚಯ: ಚಾನ್ಸೆಲ್ ರಿಪೇರಿ ಹೊಣೆ

ಇಂಗ್ಲೆಂಡಿನಲ್ಲಿ ಮನೆ ಕೊಳ್ಳಲು ಹೊರಟ ನಮ್ಮವರಿಗೆ ಅಲ್ಲಿನ ವಕೀಲರು ಖರ್ಚಿನ ಪಟ್ಟಿ ಕೊಡುತ್ತಾರಲ್ಲ, ಅದರಲ್ಲಿ ‘ಚಾನ್ಸೆಲ್ ಸರ್ಚ್’ ಅಂತ ಒಂದು ಸಾಲು ಇರುವುದುಂಟು. ಮೊತ್ತ ಚಿಕ್ಕದು, ಹಾಗಾಗಿ ಜಾಸ್ತಿ ಜನ ಏನು ಎತ್ತ ಅಂತ ಕೇಳುವುದಿಲ್ಲ. ಅದರ ಹಿಂದಿರುವ ಕಾನೂನು ಮಾತ್ರ ಬಲು ವಿಚಿತ್ರ. ಊರಿನ ಹಳೇ ಆಂಗ್ಲಿಕನ್ ಚರ್ಚಿನ ಒಂದು ಭಾಗ ಸೋರಿದರೆ, ಆ ಊರಿನ ಕೆಲವು ಜಮೀನುಗಳ ಮಾಲೀಕರು ರಿಪೇರಿ ಖರ್ಚು ಕೊಡಬೇಕು. ಮಾಲೀಕ ಹಿಂದೂ ಆಗಿರಲಿ, ನಾಸ್ತಿಕನಾಗಿರಲಿ, ಆ ಚರ್ಚಿನ ಹೊಸ್ತಿಲನ್ನೇ ತುಳಿಯದವನಾಗಿರಲಿ, ಜಮೀನು ಕೊಂಡ ಅಂದಮೇಲೆ ಹೊಣೆಯೂ ಹಿಂದೆಯೇ ಬರಬಹುದು.

ಮೊದಲು ಚಾನ್ಸೆಲ್ ಯಾವುದು ನೋಡೋಣ. ಅಲ್ಲಿನ ಹಳೇ ಹಳ್ಳಿ ಚರ್ಚಿನೊಳಗೆ ಹೋದರೆ ಜನ ಕೂರುವ ದೊಡ್ಡ ಹಜಾರ ಸಿಗುತ್ತದೆ, ಅದು ನೇವ್. ಪೂರ್ವದ ತುದಿಯಲ್ಲಿ ಒಂದು ಕಲ್ಲಿನ ಕಮಾನು, ಅದರಾಚೆ ಪೀಠವಿರುವ ಭಾಗ. ಅದೇ ಚಾನ್ಸೆಲ್. ಎಷ್ಟೋ ಕಡೆ ಹೊರಗಡೆಯಿಂದಲೇ ಗುರುತು ಸಿಗುತ್ತದೆ: ಚಾನ್ಸೆಲ್‌ನ ಸೂರು ಒಂದು ಮಟ್ಟ ಕೆಳಗಿರುತ್ತದೆ, ಕಲ್ಲಿನ ಕೆಲಸವೂ ಬೇರೆ ಕಾಲದ್ದು. ಕಟ್ಟಿಸುವವರು, ದುರಸ್ತಿ ಮಾಡಿಸುವವರು ಬೇರೆ ಬೇರೆ ಜನ ಆಗಿದ್ದದ್ದು ಇದಕ್ಕೆ ಒಂದು ಕಾರಣ. ಮಧ್ಯಯುಗದಿಂದಲೂ ಅಲ್ಲಿದ್ದ ರೂಢಿ ಇಷ್ಟು: ನೇವ್ ಊರಿನವರದು, ಚಾನ್ಸೆಲ್ ರೆಕ್ಟರನದು. ಊರಿನವರು ‘ಚರ್ಚ್ ರೇಟ್’ ಅನ್ನೋ ತೆರಿಗೆ ಕಟ್ಟಿ ತಮ್ಮ ಪಾಲು ನೋಡಿಕೊಳ್ಳುತ್ತಿದ್ದರು. ಆ ತೆರಿಗೆಯನ್ನು ಕಡ್ಡಾಯವಾಗಿ ವಸೂಲಿ ಮಾಡುವುದು 1868ರಲ್ಲಿ ನಿಂತಿತು. ರೆಕ್ಟರನ ಪಾಲಿಗೆ ಆ ಅದೃಷ್ಟ ಬರಲಿಲ್ಲ.

ರೆಕ್ಟರ್ ಅಂದರೆ ಊರಿನ ಬೆಳೆಯಲ್ಲಿ ಹತ್ತನೇ ಒಂದು ಪಾಲು, ಅಂದರೆ ಟೈಥ್, ಪಡೆಯುವ ಪಾದ್ರಿ. ಆ ಆದಾಯಕ್ಕೆ ಪ್ರತಿಯಾಗಿ ಚಾನ್ಸೆಲ್ ರಿಪೇರಿ. ನಮ್ಮ ಕಡೆ ದೇವಸ್ಥಾನದ ಉಂಬಳಿ ಜಮೀನು ಉಣ್ಣುವವನೇ ದೀಪ, ನೈವೇದ್ಯ ನೋಡಿಕೊಳ್ಳಬೇಕಿತ್ತಲ್ಲ, ಹೆಚ್ಚು ಕಡಿಮೆ ಹಾಗೇ. ಇಲ್ಲಿಯವರೆಗೂ ನ್ಯಾಯವಾಗಿಯೇ ಇದೆ, ಅಲ್ವಾ?

ತೊಡಕು ಶುರುವಾದದ್ದು ಆಮೇಲೆ. ಎಷ್ಟೋ ಊರುಗಳ ರೆಕ್ಟರ್ ಸ್ಥಾನವನ್ನು ಮಠಗಳು ತಮ್ಮ ಕೈಗೆ ತೆಗೆದುಕೊಂಡಿದ್ದವು. 1536ರಿಂದ 1540ರ ನಡುವೆ ದೊರೆ ಎಂಟನೇ ಹೆನ್ರಿ ಮಠಗಳನ್ನೇ ಮುಚ್ಚಿಸಿ ಅವುಗಳ ಆಸ್ತಿ ಕಿತ್ತುಕೊಂಡ. ಅದರಲ್ಲಿ ಬಹಳಷ್ಟನ್ನು ಜಮೀನುದಾರರಿಗೆ ಮಾರಿದ, ಬೇಕಾದವರಿಗೆ ಕೊಟ್ಟ. ಟೈಥ್ ಹಕ್ಕೂ ಅವರ ಕೈ ಸೇರಿತು, ಜೊತೆಗೆ ಚಾನ್ಸೆಲ್ ಹೊಣೆಯೂ. ಪಾದ್ರಿಯಲ್ಲದ ಇಂಥವರಿಗೆ ‘ಲೇ ರೆಕ್ಟರ್’ ಅಂತ ಹೆಸರು. ಆಕ್ಸ್‌ಫರ್ಡ್, ಕೇಂಬ್ರಿಡ್ಜಿನ ಕೆಲವು ಕಾಲೇಜುಗಳೂ ಈ ಸಾಲಿನಲ್ಲಿವೆ. ಮುಂದೆ 18ನೇ ಶತಮಾನದಲ್ಲಿ ಊರಿನ ಬಯಲು ಹೊಲಗಳನ್ನು ಅಳೆದು, ಬೇಲಿ ಹಾಕಿ ಹಂಚುವಾಗ ಎಷ್ಟೋ ಕಡೆ ಟೈಥ್ ಬದಲು ರೆಕ್ಟರನಿಗೆ ಒಂದಿಷ್ಟು ಜಮೀನನ್ನೇ ಕೊಟ್ಟುಬಿಟ್ಟರು. ಆ ಹೊಲ ಮಾರಾಟವಾಯಿತು, ತುಂಡಾಯಿತು, ಕೆಲವು ಕಡೆ ಅದರಲ್ಲಿ ಮನೆಗಳೆದ್ದವು. ಹೊಣೆ ಮಾತ್ರ ಮಣ್ಣಿಗೆ ಅಂಟಿಕೊಂಡೇ ಉಳಿಯಿತು. ಇನ್ನೂ ಒಂದು ಮಾತಿದೆ. ಇಂಥ ಹೊಲ ಹತ್ತು ಜನರ ಕೈಯಲ್ಲಿದ್ದರೂ ಚರ್ಚು ಅವರಲ್ಲಿ ಒಬ್ಬನ ಹತ್ತಿರವೇ ಇಡೀ ಬಿಲ್ಲು ಕೇಳಬಹುದು. ಉಳಿದವರ ಹತ್ತಿರ ವಸೂಲಿ ಮಾಡಿಕೊಳ್ಳುವುದು ಅವನ ಪಾಡು!

ಆಸ್ಟನ್ ಕ್ಯಾಂಟ್ಲೋ ಕಥೆ ಕೇಳಿದರೆ ಇದರ ಬಿಸಿ ಗೊತ್ತಾಗುತ್ತದೆ. ಸ್ಟ್ರಾಟ್‌ಫರ್ಡ್ ಹತ್ತಿರದ ಪುಟ್ಟ ಹಳ್ಳಿ ಅದು. ಶೇಕ್ಸ್‌ಪಿಯರನ ಅಪ್ಪ ಅಮ್ಮನ ಮದುವೆ ಅಲ್ಲಿನ ಚರ್ಚಿನಲ್ಲೇ ಆಯಿತು ಅಂತ ಊರಿನವರ ನಂಬಿಕೆ. ಚಾನ್ಸೆಲ್ 13ನೇ ಶತಮಾನದ್ದು. 1990ರಲ್ಲಿ, ಅಲ್ಲೇ ತೋಟದ ಜಮೀನು ಹೊಂದಿದ್ದ ದಂಪತಿಗೆ ಚರ್ಚಿನ ಸಮಿತಿಯಿಂದ ರಿಪೇರಿ ದುಡ್ಡು ಕೇಳಿ ಪತ್ರ ಬಂತು. ಅವರ ಹೊಲ 1743ರ ಹಂಚಿಕೆಯಲ್ಲಿ ಟೈಥ್ ಬದಲು ಕೊಟ್ಟಿದ್ದ ಜಮೀನು. ಮೊದಲು ಕೇಳಿದ್ದು ಸುಮಾರು 6,000 ಪೌಂಡ್. ದಂಪತಿ ಒಪ್ಪಲಿಲ್ಲ, ಮಾತು ಕೋರ್ಟಿಗೆ ಹೋಯಿತು. ಚಾನ್ಸೆಲ್ ಸೋರುತ್ತಲೇ ಇತ್ತು, ಬಿಲ್ಲು 95,000 ದಾಟಿತು. 2001ರಲ್ಲಿ ಮೇಲ್ಮನವಿ ಕೋರ್ಟು ‘ಇದು ಮಾನವ ಹಕ್ಕಿನ ಉಲ್ಲಂಘನೆ’ ಅಂತ ದಂಪತಿಯ ಪರ ನಿಂತಿತು. 2003ರಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ತಿರುವಿ ಹಾಕಿತು. ಚರ್ಚಿನ ಸಮಿತಿ ಸರ್ಕಾರಿ ಸಂಸ್ಥೆಯಲ್ಲ, ಹಾಗಾಗಿ ಮಾನವ ಹಕ್ಕಿನ ಕಾಯ್ದೆ ಅದಕ್ಕೆ ತಟ್ಟುವುದಿಲ್ಲ, ಈ ಹೊಣೆ ಆಸ್ತಿಯ ಜೊತೆ ಬಂದ ಸಾಲವಿದ್ದಂತೆ ಅಂತ ತೀರ್ಪು. 2007ರಲ್ಲಿ ಮೊತ್ತ ನಿಗದಿಯಾದಾಗ ಅದು ಹತ್ತಿರ ಹತ್ತಿರ 1,87,000 ಪೌಂಡ್. ತೆರಿಗೆ ಬೇರೆ, ವಕೀಲರ ಖರ್ಚು ಬೇರೆ. ಕೊನೆಗೆ ತೋಟ ಮಾರಬೇಕಾಯಿತು.

ದಂಪತಿಯ ಬಗ್ಗೆ ಅಯ್ಯೋ ಅನಿಸುತ್ತದೆ, ನಿಜ. ಆದರೆ ಚರ್ಚಿನವರನ್ನು ಸುಮ್ನೆ ಬೈಯುವುದೂ ಸರಿಯಲ್ಲ. ಹಳೇ ಚರ್ಚಿನ ಜೀರ್ಣೋದ್ಧಾರ ಸಿಮೆಂಟು ಮೆತ್ತಿ ಮುಗಿಸುವ ಕೆಲಸವಲ್ಲ. ಸಿಮೆಂಟು ಕಲ್ಲಿನ ತೇವವನ್ನು ಹೊರಗೆ ಬಿಡುವುದಿಲ್ಲ, ಒಳಗೇ ಕೊಳೆಸುತ್ತದೆ. ಹಾಗಾಗಿ ಸುಣ್ಣದ ಗಾರೆಯೇ ಬೇಕು, ಸೂರಿಗೆ ಸೀಸದ ಹಾಳೆ ಬೇಕು, ಅದೇ ಜಾತಿಯ ಕಲ್ಲು ಹುಡುಕಬೇಕು. ದೊಡ್ಡ ಕೆಲಸವಾದರೆ ‘ಫ್ಯಾಕಲ್ಟಿ’ ಅನ್ನೋ ಧರ್ಮಪೀಠದ ಅನುಮತಿಯೂ ಬೇಕು. ಐದು ವರ್ಷಕ್ಕೊಮ್ಮೆ ತಜ್ಞರು ಬಂದು ಬಿರುಕು, ಸೋರಿಕೆಗಳ ಪಟ್ಟಿ ಮಾಡಿಹೋಗುತ್ತಾರೆ. ಇಷ್ಟಕ್ಕೂ ದುಡ್ಡು ಹೊಂದಿಸಬೇಕಾದವರು ಭಾನುವಾರ ಬರುವ ಬೆರಳೆಣಿಕೆಯ ಜನ. ಹೊಣೆ ಇರುವವರು ಯಾರು ಅಂತ ಗೊತ್ತಿದ್ದೂ ಕೇಳದೆ ಬಿಟ್ಟರೆ, ಧರ್ಮದತ್ತಿಯ ದುಡ್ಡು ಕಳೆದಿರಿ ಅಂತ ಸಮಿತಿಯವರೇ ಜವಾಬು ಕೊಡಬೇಕಾಗಬಹುದು. ಕೇಳಿದರೆ ನೆರೆಹೊರೆಯವರ ಶಾಪ!

ಈ ಹೊಣೆಯನ್ನು ರದ್ದು ಮಾಡಿ ಅಂತ ಅಲ್ಲಿನ ಕಾನೂನು ಆಯೋಗ 1985ರಲ್ಲೇ ಹೇಳಿತ್ತು. ರದ್ದಾಗಲಿಲ್ಲ, ಗಡುವು ಬಂತು ಅಷ್ಟೇ. 2013ರ ಅಕ್ಟೋಬರ್ 13ಕ್ಕೆ ಮೊದಲು ಚರ್ಚುಗಳು ತಮ್ಮ ಹಕ್ಕನ್ನು ಭೂನೋಂದಣಿಯಲ್ಲಿ ಬರೆಸಬೇಕಿತ್ತು. ಬರೆಸದಿದ್ದ ಜಮೀನನ್ನು ಆ ದಿನದ ನಂತರ ದುಡ್ಡು ಕೊಟ್ಟು ಕೊಂಡು ನೋಂದಾಯಿಸಿದವರಿಗೆ ಸಾಮಾನ್ಯವಾಗಿ ಭಯವಿಲ್ಲ. ದಾನವಾಗಿಯೋ ವಾರಸಾಗಿಯೋ ಬಂದಿದ್ದರೆ ಆ ರಕ್ಷಣೆ ಸಿಗುವುದಿಲ್ಲ. ಹಾಗಾಗಿ ವಕೀಲರು ಈಗಲೂ ಹುಡುಕುತ್ತಾರೆ, ಅನುಮಾನ ಬಂದರೆ ಒಂದು ಸಣ್ಣ ವಿಮೆ ಮಾಡಿಸುತ್ತಾರೆ. ಆ ವಿಮೆಗೆ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ನಮ್ಮ ಜಮೀನಿಗೆ ಹೊಣೆ ಇದೆಯಾ ಅಂತ ನೀವಾಗಿ ಹೋಗಿ ಚರ್ಚಿನವರನ್ನು ಕೇಳಕೂಡದು. ಕೇಳಿದರೆ ವಿಮೆ ಸಿಗದೇ ಹೋಗಬಹುದು.